ಅರವತ್ತೇಳು ಇಂಚಿನ ಪಟ್ಟಿ

ನಮ್ಮ ಮನೆಯ ಮದ್ದಿನ ಕೊಂಬಿನ ಪಟ್ಟಿ ನನಗೆ ಉದ್ದವಾಗುತ್ತದೆ ಎಂದು ಕಾಕಾ ನಾಲ್ಕು ವರ್ಷಗಳಲ್ಲಿ ಹನ್ನೊಂದು ಸಲ ಹೇಳಿದ್ದಾರೆ. ಯಾವ ದಿನ, ಯಾರೆದುರು ಹೇಳಿದರು ಎಂಬುದು ನನ್ನ ವಹಿಯಲ್ಲಿದೆ. ಹನ್ನೊಂದರಲ್ಲಿ ಏಳು ಸಲ ನಗುತ್ತ ಹೇಳಿದ್ದು, ನಾಲ್ಕು ಸಲ ಗಂಭೀರವಾಗಿ. ಗಂಭೀರವಾಗಿ ಹೇಳಿದ್ದಕ್ಕೆ ನಾನು ಉತ್ತರ ಕೊಡಬಹುದಿತ್ತು. ನಗುತ್ತ ಹೇಳಿದ್ದಕ್ಕೆ ಎಲ್ಲರ ಜೊತೆ ನಾನೂ ನಗಬೇಕಾಗುತ್ತಿತ್ತು. ಆ ಏಳು ಸಲದ ಸಿಟ್ಟು ಇನ್ನೂ ಇಳಿದಿಲ್ಲ.

ನಮ್ಮ ಮನೆ ಔರಾದದಲ್ಲಿದೆ. ನಾನು ಬೀದರಿನಲ್ಲಿ ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸ ಮಾಡುತ್ತೇನೆ. ದಿನಕ್ಕೆ ನೂರಾರು ಬಾಟಲಿಗಳ ಮೇಲೆ ತಾರೀಖು ಮತ್ತು ಸಂಖ್ಯೆ ಬರೆಯುವುದು ನನ್ನ ಕೆಲಸ. ಎರಡು ವಾರಕ್ಕೊಮ್ಮೆ ಶನಿವಾರ ಸಂಜೆ ಜನವಾಡದ ಮೇಲಿಂದ ಹೋಗುವ ಬಸ್ಸಿನಲ್ಲಿ ಮನೆಗೆ ಹೋಗುತ್ತೇನೆ.

ಕೊಂಬಿನ ವಿಷಯ ಹೇಳಬೇಕು. ನಮ್ಮ ಅಜ್ಜನ ತಂದೆ, ನಾವು ಮುತ್ಯಾ ಎನ್ನುವವರು, ನಿಜಾಮನ ಕಾಲದಲ್ಲಿ ಊರಿನ ಸೀಮೆ ಕಾಯುತ್ತಿದ್ದರು. ಅವರ ಬಂದೂಕು ಯಾವಾಗಲೋ ಸರಕಾರಕ್ಕೆ ಹೋಯಿತು. ಬಂದೂಕಿನ ಮದ್ದು ತುಂಬಿಕೊಳ್ಳುತ್ತಿದ್ದ ಎಮ್ಮೆಯ ಕೊಂಬು ಉಳಿಯಿತು. ಬಾಯಿಗೆ ಹಿತ್ತಾಳೆಯ ಮುಚ್ಚಳ, ಎರಡು ಕಡೆ ಎರಡು ಬಳೆ, ಆ ಬಳೆಗಳಿಗೆ ಸಿಕ್ಕಿಸಿದ ಎರಡು ಬೆರಳಗಲದ ತೊಗಲಿನ ಪಟ್ಟಿ. ದಸರೆಯ ದಿನ ಸಂಜೆ ಊರವರೆಲ್ಲ ಸೀಮೆ ದಾಟಿ ಬನ್ನಿ ಗಿಡಕ್ಕೆ ಹೋಗುವಾಗ ನಮ್ಮ ಮನೆಯ ಹಿರಿಯ ಸಂತಾನ ಆ ಕೊಂಬನ್ನು ಹೆಗಲಿಗೆ ಹಾಕಿಕೊಂಡು ಮನೆಯವರ ಮುಂದೆ ನಡೆಯಬೇಕು. ಬನ್ನಿ ಎಲೆಯನ್ನು ಮೊದಲು ಕೊಂಬು ಹೊತ್ತವರು ಮನೆಯವರಿಗೆ ಕೊಡಬೇಕು, ಆಮೇಲೆ ಮನೆಯವರು ಊರವರಿಗೆ. ಇದು ನಮ್ಮ ಮನೆಯ ಪದ್ಧತಿ.

ಮುತ್ಯಾನ ನಂತರ ಅಜ್ಜ, ಅಜ್ಜನ ನಂತರ ಹಿರಿಯ ಮಗನಾದ ನನ್ನ ಅಪ್ಪ ಹೊತ್ತರು. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಯಿತು. ಅಪ್ಪನಿಗೆ ನಾನೊಬ್ಬಳೇ ಮಗಳು. ಕಾಕಾನ ಮಕ್ಕಳಿಬ್ಬರೂ ನನಗಿಂತ ಚಿಕ್ಕವರು. ಹಾಗಾಗಿ ಲೆಕ್ಕ ಸೀದಾ ಇತ್ತು. ಆದರೆ ಮೊದಲ ದಸರೆಯ ಮುಂಚೆಯೇ ಕಾಕಾ ಪಟ್ಟಿಯನ್ನು ನನ್ನ ಹೆಗಲಿಗೆ ಹಾಕಿ, ಕೊಂಬು ಮೊಣಕಾಲಿಗೆ ಬಡಿಯುವುದನ್ನು ಎಲ್ಲರಿಗೂ ತೋರಿಸಿದರು.

"ನೋಡ್ರಿ, ಮುತ್ಯಾ ಅಂದ್ರ ಆರೂವರೆ ಅಡಿ ಆಳು. ಪಟ್ಟೀನೇ ಹೇಳ್ತದ. ಈ ಹುಡುಗಿ ಹಾಕ್ಕೊಂಡ್ರ ಕೊಂಬು ಈಕಿನ್ನ ಹೊತ್ತಂಗ ಕಾಣ್ತದ."

ಎಲ್ಲರೂ ನಕ್ಕರು. ಅದು ವಹಿಯಲ್ಲಿ ಒಂದನೆಯದು. ಆ ವರ್ಷದಿಂದ ಕೊಂಬನ್ನು ಕಾಕಾನೇ ಹೊತ್ತರು.

ಪಟ್ಟಿಯಲ್ಲಿ ಐದು ತೂತುಗಳಿವೆ. ಎಲ್ಲಕ್ಕಿಂತ ಬಿಗಿಯಾದ ತೂತಿಗೆ ಸಿಕ್ಕಿಸಿದರೂ ನನಗೆ ಒಂದು ಗೇಣು ಹೆಚ್ಚು. ಇನ್ನೊಂದು ತೂತು ಹಾಕಿಸೋಣ ಎಂದರೆ ಆಗುವುದಿಲ್ಲ, ತೂತುಗಳು ಹಿರಿಯರವು. ತುಂಡು ಮಾಡಿಸೋಣ ಎಂದರೆ ಅದಂತೂ ಬಾಯಿಂದ ಆಡಬಾರದ ಮಾತು. ಪಟ್ಟಿಗೆ ಕತ್ತರಿ ತಾಗಬಾರದು. ಅಷ್ಟೇ ಅಲ್ಲ, ಪ್ರತಿ ವರ್ಷ ಆಯುಧ ಪೂಜೆಗೆ ಪಟ್ಟಿಗೆ ಕುಸುಬಿ ಎಣ್ಣೆ ಉಣಿಸಬೇಕು. ಉಣಿಸುವವರು ಮನೆಯ ಹೆಂಗಸರು. ಎಣ್ಣೆ ಹಚ್ಚಿ, ಕೊಂಬಿನ ಸಮೇತ ದೇವರ ಕೋಣೆಯ ಮೊಳೆಗೆ ತೂಗು ಹಾಕುತ್ತಾರೆ. ವರ್ಷವಿಡೀ ಅದು ಅಲ್ಲೇ ತೂಗುತ್ತಿರುತ್ತದೆ.

ಈ ವರ್ಷ ಶ್ರಾವಣದ ಒಂದು ಭಾನುವಾರ, ಮನೆಯವರೆಲ್ಲ ಊಟಕ್ಕೆ ಕೂತಿದ್ದಾಗ, ಕಾಕಾ ಹನ್ನೊಂದನೇ ಸಲ ಹೇಳಿದರು. ನಾನು ರೊಟ್ಟಿ ಕೆಳಗಿಟ್ಟೆ.

"ಬರೋಬ್ಬರಿ ಆದ್ರ ಕೊಡ್ತೀರೇನು ಕಾಕಾ?"

"ಹ್ಯಾಂಗ ಆಗ್ತದ? ನೀ ಇನ್ನ ಬೆಳಿಯಾಕಿ ಇದ್ದೀಯೇನು ಈ ವಯಸ್ಸಿನ್ಯಾಗ?"

"ಪಟ್ಟಿ ಬರೋಬ್ಬರಿ ಆದ್ರ?"

"ಕತ್ತರಿ ಹಚ್ಚಬ್ಯಾಡ, ತೂತು ಹೊಡಿಬ್ಯಾಡ, ಬರೋಬ್ಬರಿ ಮಾಡ್ಕೊಂಡು ಬಾ. ಹಾಕ್ಕೋ. ಯಾರ್ ಬ್ಯಾಡ ಅಂತಾರ?"

ಆಗುವುದಿಲ್ಲ ಎಂಬ ಧೈರ್ಯದಿಂದ ಕೊಟ್ಟ ಮಾತು ಅದು. ಕೇಳಿದವರು ಒಂಬತ್ತು ಜನ. ಒಂಬತ್ತನ್ನೂ ಬರೆದುಕೊಂಡೆ.

ಮುಂದಿನ ಸಲ ಮನೆಗೆ ಹೋದಾಗ ಕೊಂಬಿನ ಸಮೇತ ಪಟ್ಟಿಯನ್ನು ಮೊಳೆಯಿಂದ ಇಳಿಸಿದೆ. ಆಗ ನನಗೆ ಕಂಡದ್ದನ್ನು ಮೊದಲು ಬರೆಯಬೇಕು, ಏಕೆಂದರೆ ನನ್ನ ಸಿಟ್ಟು ಅಲ್ಲಿಂದ ಬೇರೆ ಬಣ್ಣಕ್ಕೆ ತಿರುಗಿತು. ಬೆನ್ನಿನ ಕಡೆ ಬರುವ ಭಾಗದಲ್ಲಿ ತೊಗಲು ಅಡ್ಡಡ್ಡ ಮುದುಡಿ, ಗಂಟು ಹಾಕಿ ಬಿಚ್ಚಿದ ಗುರುತು ಇತ್ತು. ಒಂದಲ್ಲ, ಎರಡು. ಕಾಕಾ ದಸರೆಗೆ ಹೊರಡುವಾಗ ಯಾವಾಗಲೂ ಶಾಲು ಹೊದೆಯುತ್ತಾರೆ. ಸೆಕೆ ಇದ್ದರೂ ಹೊದೆಯುತ್ತಾರೆ. ಬಲಗೈಯನ್ನು ಕೊಂಬಿನ ಮೇಲೆ ಇಟ್ಟುಕೊಂಡೇ ನಡೆಯುತ್ತಾರೆ. ಅದು ಗತ್ತು ಎಂದು ನಾವೆಲ್ಲ ತಿಳಿದಿದ್ದೆವು. ಫೋಟೋಗಳಲ್ಲಿ ಅಪ್ಪನ ಕೈಯೂ ಹಾಗೆಯೇ ಇದೆ.

ಕಾಕಾನ ಎತ್ತರ ಐದಡಿ ಎರಡೂವರೆ ಇಂಚು. ನನ್ನದು ಐದಡಿ ಒಂದು.

ಅವ್ವನನ್ನು ಕೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು.

"ಗಂಟು ಹಾಕ್ಕೋತಾರ. ನನಗ ಗೊತ್ತಿತ್ತು."

"ನಾಲ್ಕು ವರ್ಷದಿಂದ ನನಗ ಯಾಕ ಹೇಳ್ಲಿಲ್ಲ?"

"ನಿಮ್ಮಪ್ಪನೂ ಹಾಕ್ಕೋತಿದ್ದ. ನಾನೇ ಕಟ್ಟಿ ಕೊಡ್ತಿದ್ದೆ. ಯಾರರ ಕೇಳಿದ್ರ ಹೇಳ್ತಿದ್ದೆ. ಯಾರೂ ಕೇಳಲಿಲ್ಲ."

ಆ ದಿನ ಅವ್ವನ ಜೊತೆ ನಾನು ಮತ್ತೆ ಮಾತಾಡಲಿಲ್ಲ. ಕಾಕಾನ ಮೇಲಿನ ಸಿಟ್ಟಿಗಿಂತ ಅವಳ ಮೇಲಿನ ಸಿಟ್ಟು ಹೆಚ್ಚು ಹೊತ್ತು ಉಳಿಯಿತು. ಅದು ನ್ಯಾಯವಲ್ಲ ಎಂದು ಗೊತ್ತಿದ್ದೂ ಉಳಿಯಿತು.

ಬೀದರಿನಲ್ಲಿ ಬಸ್ ನಿಲ್ದಾಣದ ಹತ್ತಿರ ಬ್ಯಾಗು ರಿಪೇರಿ ಮಾಡುವವನೊಬ್ಬನಿದ್ದಾನೆ. ಪಟ್ಟಿಯನ್ನು ಅವನ ಮುಂದಿಟ್ಟೆ. ಅವನು ಎರಡು ಬೆರಳಿನಿಂದ ಎತ್ತಿ ಮೂಸಿ ನೋಡಿದ.

"ಇದರಾಗ ಭಜಿ ಕರದೀರೇನ್ರಿ ಮೇಡಂ?"

"ಹಳೇದು ಅದ. ಬರೋಬ್ಬರಿ ಮಾಡಿ ಕೊಡ್ತೀರೇನು?"

"ಬಿಸಾಕ್ರಿ ಇದನ್ನ. ಲ್ಯಾಪ್‌ಟಾಪ್ ಬ್ಯಾಗಿನ ಬೆಲ್ಟ್ ಹಾಕಿ ಕೊಡ್ತೀನಿ. ನೈಲಾನ್. ಹೆಚ್ಚು ಕಮ್ಮಿ ಮಾಡ್ಲಿಕ್ಕೆ ಬರ್ತದ. ನಿಮಗ ಬರ್ತದ, ನಿಮ್ಮ ಸಾಹೇಬರಿಗೂ ಬರ್ತದ."

ಸಾಹೇಬರು ಇಲ್ಲ ಎಂದು ಹೇಳಿ ಪಟ್ಟಿ ಎತ್ತಿಕೊಂಡು ಬಂದೆ. ಆದರೂ ನಾನು ಹೊರಡುವಾಗ ಅವನು ಒಂದು ಉಪಕಾರ ಮಾಡಿದ. ಭಾಲ್ಕಿಯಲ್ಲಿ ಎತ್ತಿನ ಕೊರಳಪಟ್ಟಿ, ಕುದುರೆಯ ಲಗಾಮು ಹೊಲಿಯುವ ಒಬ್ಬ ಮುದುಕ ಇದ್ದಾನೆ, ಹಳೆ ತೊಗಲು ಮುಟ್ಟುವವನು ಅವನೊಬ್ಬನೇ ಎಂದ.

ದಸರೆಯೊಳಗೆ ಭಾಲ್ಕಿಗೆ ಮೂರು ಸಲ ಹೋದೆ. ಮೊದಲ ಸಲ ದಸರೆಗೆ ಮೂವತ್ತೊಂದು ದಿನ ಉಳಿದಿತ್ತು. ಮುದುಕನ ಊರು ಭಾತಂಬ್ರಾ, ದಿನಾ ಬೆಳಿಗ್ಗೆ ಬಂದು ಅಂಗಡಿ ತೆಗೆಯುತ್ತಾರೆ. ಅಂಗಡಿ ಎಂದರೆ ಒಂದು ಬಾಗಿಲು, ಒಂದು ಕಟ್ಟೆ, ಗೋಡೆಯ ತುಂಬ ಗೆಜ್ಜೆಯ ಪಟ್ಟಿಗಳು. ಅವರು ಪಟ್ಟಿಯನ್ನು ಮಂಡಿಯ ಮೇಲೆ ಹಾಕಿಕೊಂಡು ಒಂದು ತುದಿಯಿಂದ ಇನ್ನೊಂದು ತುದಿಗೆ ಹೆಬ್ಬೆರಳು ಒತ್ತುತ್ತ ಹೋದರು. ಹೆಬ್ಬೆರಳು ಎಣ್ಣೆಯಿಂದ ಹೊಳೆಯಿತು.

"ಇದಕ್ಕ ಎಣ್ಣಿ ಕುಡಿಸೋರು ಯಾರು ತಂಗಿ?"

"ನಮ್ಮ ಮನ್ಯಾಗಿನ ಹೆಣ್ಮಕ್ಕಳು. ವರ್ಷಾ ವರ್ಷಾ."

"ಎಷ್ಟು?"

"ಒಂದು ಬಟ್ಟಲ."

"ಒಂದು ಬಟ್ಟಲ ಎತ್ತಿನ ಜೋಡಿ ಪಟ್ಟಿಗೆ ಎರಡು ವರ್ಷ ಬರ್ತದ. ಮ್ಯಾಲ ಇಡೀ ವರ್ಷ ಕೊಂಬು ಜಗ್ಗಿಸಿ ತೂಗು ಹಾಕ್ತೀರಿ, ಹೌದಿಲ್ಲೋ? ಹಿಗ್ಗೇದ ಇದು."

ಹಿಗ್ಗಿದೆ ಎಂಬ ಮಾತು ನನ್ನ ತಲೆಗೆ ಹೋಗಲು ಒಂದು ಗಳಿಗೆ ಬೇಕಾಯಿತು. ಅವರು ತೂತುಗಳನ್ನು ತೋರಿಸಿದರು. ದುಂಡಗೆ ಹೊಡೆದ ತೂತುಗಳು ಕಲ್ಲಂಗಡಿ ಬೀಜದ ಹಾಗೆ ಉದ್ದಕ್ಕೆ ಎಳೆದುಕೊಂಡಿದ್ದವು. ಆಮೇಲೆ ಪಟ್ಟಿಯ ತುದಿಯಲ್ಲಿ ಬಡಿದಿದ್ದ ಹಿತ್ತಾಳೆಯ ತಗಡನ್ನು ಚಾಣ ಎಂಬ ಸಣ್ಣ ಉಳಿಯಿಂದ ಮೆಲ್ಲಗೆ ಎಬ್ಬಿಸಿದರು. ತಗಡಿನ ಕೆಳಗಿನ ತೊಗಲು ಒಣಗಿತ್ತು, ಬಣ್ಣ ತಿಳಿಯಾಗಿತ್ತು. ಪಟ್ಟಿಯ ಎರಡೂ ಅಂಚಿನಲ್ಲಿ ಹಳೆಯ ಹೊಲಿಗೆಯ ಸಣ್ಣ ತೂತುಗಳಿವೆ, ದಾರ ಕೊಳೆತು ಹೋಗಿದೆ. ತಗಡಿನ ಕೆಳಗೆ ಆ ತೂತುಗಳು ಒತ್ತೊತ್ತಾಗಿದ್ದವು. ಹೊರಗೆ ದೂರದೂರ.

"ಹೊಲಿದಾವ ಒಂದೇ ಅಳತಿಲೆ ಹೊಲಿತಾನ. ಇಲ್ಲಿ ಒತ್ತು, ಅಲ್ಲಿ ದೂರ ಹೊಲ್ಯಾಂಗಿಲ್ಲ. ತಗಡ ಹಿಡದದ, ಇಲ್ಲಿ ಹಿಗ್ಗಿಲ್ಲ. ಉಳಿದದ್ದು ಹಿಗ್ಗೇದ."

ನಾನು ಟೇಪು ತೆಗೆದೆ. ತಗಡಿನ ಕೆಳಗೆ ಇಂಚಿಗೆ ಎಂಟು ತೂತು. ಹೊರಗೆ ಆರು ಅಥವಾ ಏಳು. ಕಟ್ಟೆಯ ಮೇಲೆ ಕೂತು ಒಂದು ಅಂಚಿನ ತೂತುಗಳನ್ನೆಲ್ಲ ಸೂಜಿಯ ತುದಿಯಿಂದ ಎಣಿಸಿದೆ. ಎರಡು ಸಲ ತಪ್ಪಿತು, ಮೂರನೇ ಸಲ ಮತ್ತು ನಾಲ್ಕನೇ ಸಲ ಒಂದೇ ಸಂಖ್ಯೆ ಬಂತು: ನಾಲ್ಕುನೂರಾ ನಲವತ್ತೆಂಟು. ಎಂಟರಿಂದ ಭಾಗಿಸಿದರೆ ಐವತ್ತಾರು. ಈಗಿನ ಉದ್ದ ಅರವತ್ತೇಳು ಇಂಚು. ಅಂದರೆ ಮುತ್ಯಾ ಮಾಡಿಸಿಕೊಂಡ ಪಟ್ಟಿ ಐವತ್ತಾರು ಇಂಚಿನದು.

"ಐವತ್ತಾರು ಇಂಚಿಂದು ಎಷ್ಟು ಎತ್ತರದ ಮನಿಶ್ಯಾಗ ಬರ್ತದ್ರಿ?"

ಮುದುಕ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. "ನಿನಕಿಂತ ನಾಲ್ಕು ಬೆರಳು ಹೆಚ್ಚು. ಮದ್ದು ಹೊರಾವ ಆರೂವರೆ ಅಡಿ ಇದ್ದ ಅಂತಾರೇನು ಮನ್ಯಾಗ? ಎಲ್ಲರ ಮನಿ ಮುತ್ಯಾನೂ ಅಷ್ಟೇ ಎತ್ತರ ಇರ್ತಾರ."

ಅವರು ನಕ್ಕರು. ನನಗೆ ನಗು ಬರಲಿಲ್ಲ. ಮೂರು ತಲೆಮಾರು ತಾವೇ ಎಣ್ಣೆ ಕುಡಿಸಿ, ತಾವೇ ಜೋತುಬಿಟ್ಟು, ಹಿಗ್ಗಿದ್ದನ್ನು ನೋಡಿ ಮುತ್ಯಾನನ್ನು ದೈತ್ಯನನ್ನಾಗಿ ಮಾಡಿದ್ದರು. ಆ ದೈತ್ಯನನ್ನು ತೋರಿಸಿ ನನ್ನನ್ನು ಕುಳ್ಳಿ ಎಂದಿದ್ದರು. ತಮಗೂ ಹಿಡಿಸದ್ದಕ್ಕೆ ಶಾಲಿನೊಳಗೆ ಗಂಟು ಹಾಕಿಕೊಂಡು ಮುಂದೆ ನಡೆದಿದ್ದರು. ಮುತ್ಯಾ ಬಹುಶಃ ನನ್ನ ಹಾಗೆಯೇ ಬಸ್ಸಿನ ಮೇಲಿನ ಹಿಡಿಕೆ ಎಟುಕದ ಮನುಷ್ಯ.

ಹಿಗ್ಗಿದ ತೊಗಲು ಹಿಂದಕ್ಕೆ ಬರುವುದಿಲ್ಲ ಎಂದು ಮುದುಕ ಹೇಳಿದರು. ಕತ್ತರಿ ಬೇಡ, ತೂತು ಬೇಡ ಎಂಬ ನನ್ನ ಶರತ್ತನ್ನು ಕೇಳಿ ಸ್ವಲ್ಪ ಹೊತ್ತು ಎಲೆ ಅಗಿದರು. ಮಡಿಕೆ ಹಾಕಬಹುದು ಎಂದರು. ಹೆಗಲ ಮೇಲೆ ಬರುವ ಕಡೆ ಪಟ್ಟಿಯನ್ನು ಮೂರು ಪದರ ಮಾಡಿ, ಅಂಚಿನ ಹಳೆಯ ಹೊಲಿಗೆ ತೂತುಗಳಲ್ಲೇ ಸೂಜಿ ಹಾಯಿಸಿ ಹೊಲಿಯುವುದು. ಹೊಸ ತೂತು ಒಂದೂ ಇಲ್ಲ. ಹೆಗಲಿಗೆ ಮೆತ್ತೆಯೂ ಆಗುತ್ತದೆ. ಅದಕ್ಕೂ ಮೊದಲು ಎಣ್ಣೆ ಹೀರಬೇಕು. ಮುಲ್ತಾನಿ ಮಣ್ಣು ಬಡಿದು, ಹಳೆ ಧೋತರದಲ್ಲಿ ಸುತ್ತಿ, ಹನ್ನೆರಡು ದಿನ ಇಡಬೇಕು.

ಆಮೇಲೆ ಅಳತೆ. ಕೊಂಬಿನ ಬಳೆಗಳಿಗೆ ನೂಲಿನ ಹಗ್ಗ ಕಟ್ಟಿ ನನ್ನ ಹೆಗಲಿಗೆ ಹಾಕಿದವರು ತಕ್ಷಣ ಕೈ ತೆಗೆದರು.

"ದಸರಾಕ್ಕ ಏನ್ ಉಡ್ತಿ?"

"ಸೀರಿ."

"ಮತ್ತ ಇದೇನು ಕುರ್ತಾ ಹಾಕ್ಕೊಂಡು ಬಂದಿ? ಕುರ್ತಾದ ಅಳತಿ ಸೀರಿಗಿ ಬರ್ತದೇನು? ಆ ದಿನ ಉಡೋದು ಉಟ್ಕೊಂಡು ಬಾ."

ಎರಡನೇ ಸಲ ರೇಷ್ಮೆ ಸೀರೆ ಉಟ್ಟು ಬೀದರಿನಿಂದ ಭಾಲ್ಕಿಗೆ ರೈಲಿನಲ್ಲಿ ಹೋದೆ. ಯಾರ ಮದುವೆ ಎಂದು ಇಬ್ಬರು ಕೇಳಿದರು. ಸೆರಗು ಎಡ ಹೆಗಲಿನ ಮೇಲೆ ಇರುವುದರಿಂದ ಪಟ್ಟಿ ಬಲ ಹೆಗಲಿಗೆ ಬರಬೇಕು, ಕೊಂಬು ಎಡ ಸೊಂಟಕ್ಕೆ. ಕೈ ಇಳಿಬಿಟ್ಟರೆ ಕೊಂಬಿನ ಬಾಯಿ ಮೊಣಕೈಯ ಕೆಳಗೆ ಸಿಗಬೇಕು, ಹುಡುಕಬಾರದು. ಮುದುಕ ನನ್ನನ್ನು ರಸ್ತೆಯವರೆಗೆ ನಡೆಸಿದರು, ಕಟ್ಟೆ ಹತ್ತಿಸಿದರು, ನೆಲಕ್ಕೆ ಕೂರಿಸಿದರು, ಕಾಲು ಮುಟ್ಟುವವಳ ಹಾಗೆ ಬಗ್ಗಿಸಿದರು. ಬಗ್ಗಿದಾಗ ಕೊಂಬು ಮುಂದಕ್ಕೆ ತೂಗಿ ಅವರ ಚಹಾದ ಕಪ್ಪನ್ನು ಉರುಳಿಸಿತು.

"ಒಂದೂವರೆ ಬೆರಳು ಕಮ್ಮಿ ಮಾಡಬೇಕು," ಎಂದರು, ಚಹಾ ಒರೆಸಿಕೊಳ್ಳುತ್ತ.

ಕೊನೆಗೆ ಬಂದ ಅಳತೆ ಐವತ್ತನಾಲ್ಕು ಇಂಚು. ಕಳೆಯಬೇಕಾದ್ದು ಹದಿಮೂರು. ಅಂದರೆ ಆರೂವರೆ ಇಂಚಿನ ಮೂರು ಪದರ. ಮೂರನೇ ಸಲ ಹೋಗಿ ಪಟ್ಟಿ ತಂದಾಗ ದಸರೆಗೆ ಐದು ದಿನ ಇತ್ತು. ಮಡಿಕೆಯ ಎರಡೂ ಅಂಚಿಗೆ ನಲವತ್ತೆರಡು ನಲವತ್ತೆರಡು ಹೊಲಿಗೆ, ಮೇಣ ತಿಕ್ಕಿದ ದಾರದಲ್ಲಿ. ನಡುವಿನ ತೂತಿಗೆ ಬಕ್ಕಲ್ ಹಾಕಿದರೆ ಕೊಂಬು ನನ್ನ ಸೊಂಟದ ಮೂಳೆಗೆ ಒರಗಿ ನಿಂತಿತು. ಓಡಿ ನೋಡಿದೆ. ಅಲುಗಲಿಲ್ಲ.

ದಸರೆಯ ದಿನ ನಾಲ್ಕು ಗಂಟೆಗೆ ಪಟ್ಟಿಯನ್ನು ಕಾಕಾನ ಮುಂದೆ ಇಟ್ಟೆ. ಅವರು ಮಡಿಕೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಕತ್ತರಿಯ ಗುರುತು ಹುಡುಕಿದರು. ಹೊಸ ತೂತು ಹುಡುಕಿದರು. ಎರಡೂ ಸಿಗಲಿಲ್ಲ. ನಾನು ಭಾಲ್ಕಿಯ ಮುದುಕನ ಅಂಗಡಿ, ತಗಡಿನ ವಿಷಯ, ತೂತಿನ ಲೆಕ್ಕ, ಎಲ್ಲ ಹೇಳಿದೆ. ಅವರಿಗೆ ಕೇಳಿಸಿದಂತೆ ಕಾಣಲಿಲ್ಲ. ಎದ್ದು ನಿಂತು ಪಟ್ಟಿಯನ್ನು ತಮ್ಮ ಹೆಗಲಿಗೆ ಹಾಕಿಕೊಂಡು ಬಕ್ಕಲ್ ಬಿಗಿದರು. ಕೈ ಬಿಟ್ಟರು. ಎರಡು ಹೆಜ್ಜೆ ನಡೆದರು. ಜೀವಮಾನದಲ್ಲಿ ಮೊದಲ ಸಲ ಕೊಂಬು ಅವರ ಕೈಯ ಆಸರೆ ಇಲ್ಲದೆ ಸೊಂಟದಲ್ಲಿ ನಿಂತಿತ್ತು. ಅವರ ಮುಖ ಅರಳಿತು.

"ಏನ್ ಬರೋಬ್ಬರಿ ಕೂತದಲ್ಲ. ಭಾರಿ ಕೆಲಸ ಮಾಡಿಸೀದಿ ಬಿಡು. ನಡ್ರಿ, ಹೊತ್ತಾಯ್ತು."

ಇಪ್ಪತ್ತಾರು ದಿನ, ಮೂರು ಪ್ರಯಾಣ, ನಾಲ್ಕುನೂರಾ ನಲವತ್ತೆಂಟು ತೂತು. ನನ್ನ ಸೊಂಟಕ್ಕೆ ಹಿಡಿದ ಅಳತೆಯನ್ನು ಅವರು ತಮ್ಮ ಮೈಮೇಲೆ ಹಾಕಿಕೊಂಡು ನನಗೆ ಶಾಭಾಸ್ ಎನ್ನುತ್ತಿದ್ದರು.

"ಬಿಚ್ಚ್ರಿ ಕಾಕಾ. ಅದು ನನ್ನ ಅಳತಿ."

"ನಿಂದೂ ಅಷ್ಟೇ, ನಂದೂ ಅಷ್ಟೇ ಅಂದಮ್ಯಾಲ ಯಾರು ಹಾಕ್ಕೊಂಡ್ರೇನು?"

"ಮಾತು ಕೊಟ್ಟಿದ್ರಿ."

"ಕೊಟ್ಟಿದ್ದೆ. ಮುಂದಿನ ವರ್ಷ ನೋಡೋಣಂತ. ಹೆಣ್ಮಗಳು ಊರ ಮುಂದ ಕೊಂಬು ಹೊತ್ತು ನಡದ್ರ ಮಂದಿ ಏನಂತಾರ? ನಾಳಿ ಲಗ್ನ ಆಗಿ ಹೋಗಾಕಿ ನೀ."

ಹನ್ನೊಂದು ಸಲ ಇಂಚಿನ ಮಾತಾಡಿದವರು ಹನ್ನೆರಡನೇ ಸಲ ನಿಜ ಹೇಳಿದ್ದರು. ನಾಲ್ಕು ವರ್ಷದ ಹಿಂದೆಯೇ ಹೀಗೆ ಹೇಳಿದ್ದರೆ ನಾನು ಅವರ ಜೊತೆ ನೇರವಾಗಿ ಜಗಳವಾಡುತ್ತಿದ್ದೆ. ನನ್ನ ಎತ್ತರಕ್ಕೆ ನಾನು ನಾಚಿಕೊಳ್ಳುತ್ತಿರಲಿಲ್ಲ.

ಹೊರಡುವ ಮೊದಲು ಕೊಂಬು ಹೊತ್ತವರಿಗೆ ಆರತಿ ಆಗಬೇಕು. ಕಾಕಾನ ಹೆಂಡತಿ ಕಾಕಿ ತಟ್ಟೆ ಹಿಡಿದು ಬಂದು ನಿಂತಳು. ಇಷ್ಟು ವರ್ಷ ಈ ವಿಷಯದಲ್ಲಿ ಒಂದು ಮಾತೂ ಆಡದವಳು. ತಟ್ಟೆಯನ್ನು ಎತ್ತಲಿಲ್ಲ. ಕಾಕಾನನ್ನು ಮೇಲಿಂದ ಕೆಳಗೆ ನೋಡಿದಳು.

"ಉಸಿರು ಎಷ್ಟೊತ್ತು ಹಿಡೀತೀರಿ? ಹೊಟ್ಟಿ ಬಿಟ್ರ ಬಕ್ಕಲ್ ಹಾರಿ ಯಾರದರ ಕಣ್ಣಿಗಿ ಬಡಿತದ."

ಕಾಕಾ ನಿಜವಾಗಿಯೂ ಉಸಿರು ಹಿಡಿದಿದ್ದರು. ಅಂಗಳದಲ್ಲಿ ನಿಂತಿದ್ದ ಪಕ್ಕದ ಮನೆಯವರೂ ನಕ್ಕರು.

"ನೀ ಆರತಿ ಮಾಡು ಸುಮ್ಮ."

"ಮಾಡ್ತೀನಿ. ಯಾರಿಗಿ ಮಾತು ಕೊಟ್ಟೀರಿ ಅವರಿಗಿ ಮಾಡ್ತೀನಿ. ಎಣ್ಣಿ ತೀರ್ಲಿಕ್ಕೆ ಬಂದದ, ಲಗೂನ ಬಿಚ್ಚ್ರಿ."

ಅವರು ಬಿಚ್ಚಿದರು. ಕೊಟ್ಟದ್ದಲ್ಲ, ಬಿಚ್ಚಿ ಕಟ್ಟೆಯ ಮೇಲಿಟ್ಟು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ನಾನು ಹಾಕಿಕೊಂಡೆ. ಕಾಕಿ ಬೆಳಗಿದಳು. ಅವ್ವ ಬಾಗಿಲಲ್ಲಿ ನಿಂತು ಪಟ್ಟಿಯ ಹಿಂಬದಿಯನ್ನು ಒಮ್ಮೆ ಮುಟ್ಟಿ ನೋಡಿದಳು, ಗಂಟು ಇರುತ್ತಿದ್ದ ಜಾಗದಲ್ಲಿ.

ಮನೆಯಿಂದ ಬನ್ನಿ ಗಿಡಕ್ಕೆ ಸಾವಿರದ ಒಂಬೈನೂರು ಹೆಜ್ಜೆ. ಎಣಿಸದೆ ನನಗೆ ನಡೆಯಲು ಬರುವುದಿಲ್ಲ. ಕೆಲವರು ನೋಡಿದರು, ಹೆಚ್ಚಿನವರು ತಮ್ಮ ತಮ್ಮ ಗದ್ದಲದಲ್ಲಿದ್ದರು. ಕಾಕಾ ಹೆದರಿಸಿದ್ದ ಮಂದಿ ಏನೂ ಅನ್ನಲಿಲ್ಲ. ಕಿರಾಣಿ ಅಂಗಡಿಯ ಅಜ್ಜನೊಬ್ಬ ಮಾತ್ರ, "ಈ ಸಲ ಹಿರಿ ಮಗಳು ಬಂದಾಳಲ್ಲ," ಎಂದು ದಾರಿ ಬಿಟ್ಟ.

ಗಿಡದ ಕೆಳಗೆ ನಾನು ಎಲೆ ಮುರಿದು ಮೊದಲು ಕಾಕಾನಿಗೆ ಕೊಡಲು ಹೋದೆ. ಮನೆಯಲ್ಲಿ ಉಳಿದ ಹಿರಿಯರು ಅವರೇ. ಅವರು ನನ್ನ ಕೈ ನೋಡಿದರು. ಆಮೇಲೆ ತಾವೇ ಟೊಂಗೆ ಎಳೆದು ಎಲೆ ಮುರಿದುಕೊಂಡು, ನನ್ನನ್ನು ದಾಟಿ ಹೋಗಿ ಊರವರೊಬ್ಬರಿಗೆ ಕೊಟ್ಟು ಅಪ್ಪಿಕೊಂಡರು. ಪದ್ಧತಿಯ ಹೆಸರಿನಲ್ಲಿ ನಾಲ್ಕು ವರ್ಷ ನನ್ನನ್ನು ತಡೆದವರು ಪದ್ಧತಿಯನ್ನು ಎಲ್ಲರ ಎದುರಿಗೆ ಮುರಿದರು. ನನ್ನ ಕೈಯಿಂದ ಎಲೆ ತೆಗೆದುಕೊಂಡವರು ಮನೆಯ ಹದಿನಾಲ್ಕು ಜನರಲ್ಲಿ ಒಂಬತ್ತು. ಕಾಕಿ ಎರಡು ಸಲ ತೆಗೆದುಕೊಂಡಳು. ನಾನು ಅದನ್ನು ಒಂದೇ ಎಂದು ಬರೆದೆ.

ಈಗ ಬಂಧುಗಳಲ್ಲಿ ಓಡಾಡುತ್ತಿರುವ ಕಥೆ ಬೇರೆ: ಹುಡುಗಿ ಹಟ ಮಾಡಿ ಹಿರಿಯರ ಪಟ್ಟಿ ಕೆಡಿಸಿದಳು, ಪದ್ಧತಿ ಮುರಿದಳು ಎಂದು. ಅದಕ್ಕಾಗಿಯೇ ಇದನ್ನು ಇಂಚಿನ ಸಮೇತ ಬರೆದಿಡುತ್ತಿದ್ದೇನೆ.

ದಸರೆಯಾಗಿ ಮೂರು ವಾರಕ್ಕೆ, ಒಂದು ಬುಧವಾರ, ಲ್ಯಾಬಿನಲ್ಲಿದ್ದಾಗ ಭಾಲ್ಕಿಯ ಮುದುಕ ಫೋನು ಮಾಡಿದರು.

"ತಂಗಿ, ನಿಮ್ಮ ಕಾಕಾ ಬಂದು ಕೂತಾರ. ಮಡಿಕಿ ಬಿಚ್ಚು ಅಂತಾರ. ಮೊದಲಿನಂಗ ಉದ್ದ ಮಾಡು ಅಂತಾರ."

ಅರ್ಧ ದಿನದ ರಜೆ ಹಾಕಿ ಹೋದೆ. ಕಾಕಾ ಕಟ್ಟೆಯ ಮೇಲೆ ಕೊಂಬಿನ ಸಮೇತ ಪಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ.

"ಹಿರ್ಯಾರದು ಹ್ಯಾಂಗಿತ್ತೋ ಹಾಂಗ ಇರಬೇಕು," ಎಂದರು.

"ಹಿರ್ಯಾರದು ಐವತ್ತಾರು ಇತ್ತು ಕಾಕಾ. ತೂತು ಎಣಿಸಿ ತೋರಿಸ್ಲೇನು?"

"ನಿನ್ನ ತೂತು ನೀನೇ ಇಟ್ಕೊ."

"ಬಿಚ್ಚಿದ್ರ ನಿಮಗೂ ಮೊಣಕಾಲಿಗಿ ಬಡಿತದ. ಮತ್ತ ಗಂಟು ಹಾಕ್ಕೋತೀರೇನು?"

ಗಂಟಿನ ಮಾತು ನನಗೆ ಗೊತ್ತಿರುವುದು ಅವರಿಗೆ ಗೊತ್ತಿರಲಿಲ್ಲ. ಅವರ ಕಿವಿ ಕೆಂಪಾಯಿತು. ಆದರೂ ಹೇಳಿದರು: "ಬಡೀಲಿ. ನಾ ಕೈಲೆ ಹಿಡ್ಕೊಂಡು ಹೋಗ್ತೀನಿ. ನನಗ ರೂಢಿ ಅದ."

ಇದನ್ನು ಬರೆಯುವಾಗಲೂ ನನ್ನ ಮೈ ಉರಿಯುತ್ತದೆ. ತಮಗೆ ಹೊಂದುವ ಪಟ್ಟಿ ನನಗೂ ಹೊಂದುತ್ತದೆ ಎಂಬ ಒಂದೇ ಕಾರಣಕ್ಕೆ ಅದು ಇಬ್ಬರಿಗೂ ಹೊಂದದ ಹಾಗೆ ಮಾಡಲು ಔರಾದದಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು.

ಮುದುಕ ಎಲೆ ಉಗುಳಿ ಬಂದರು. "ಕೇಳ್ರಿ ಸಾಹೇಬ್ರ. ಎಣ್ಣಿ ತೆಗದ ತೊಗಲ ಇದು. ಮಡಿಕಿ ಕೂತದ. ಬಿಚ್ಚಿದ್ರ ಮಡಿಚಿದ ಗೆರಿ ಮ್ಯಾಲ ಸೀಳ್ತದ. ನಾ ಹೊಲಿದದ್ದು ನಾ ಬಿಚ್ಚಾಂಗಿಲ್ಲ. ಬೇಕಂದ್ರ ನೀವ ಬಿಚ್ಚ್ರಿ." ಚಾಣವನ್ನು ಕಾಕಾನ ಪಕ್ಕಕ್ಕೆ ಇಟ್ಟು, ತಮ್ಮ ಗೆಜ್ಜೆಪಟ್ಟಿ ಕೈಗೆತ್ತಿಕೊಂಡರು.

ಕಾಕಾ ಚಾಣ ಎತ್ತಿದರು. ನಾನು ತಡೆಯಲಿಲ್ಲ. ಮೊದಲ ಹೊಲಿಗೆ ಕತ್ತರಿಸಿದರು. ಎರಡನೆಯದು. ಮೂರನೆಯದು ಬಿಟ್ಟಾಗ ಮೇಲಿನ ಪದರ ಸ್ವಲ್ಪ ಎದ್ದು, ಮಡಿಚಿದ ಗೆರೆಯ ತುದಿಯಲ್ಲಿ ಕೂದಲಿನಷ್ಟು ಸಣ್ಣ ಬಿಳಿ ಬಿರುಕು ಕಾಣಿಸಿತು. ಅವರ ಕೈ ನಿಂತಿತು. ಹೆಬ್ಬೆರಳಿನಿಂದ ಬಿರುಕನ್ನು ಒತ್ತಿ ಹಿಡಿದರು, ಗಾಯ ಒತ್ತುವ ಹಾಗೆ. ನನ್ನ ಅಪ್ಪನ ತಮ್ಮ ಅವರು. ಆ ಪಟ್ಟಿಯ ಹಿಂದೆ ಸಣ್ಣವರಿದ್ದಾಗಿನಿಂದ ನಡೆದವರು. ಅದು ನನಗೆ ಗೊತ್ತು. ಆದರೂ ಆಗ ನನಗೆ ಅವರ ಮೇಲೆ ಕನಿಕರ ಬರಲಿಲ್ಲ.

"ಇದನ್ನ ಹೊಲಿ," ಎಂದು ಚಾಣವನ್ನು ಮುದುಕನಿಗೆ ಹಿಂದಕ್ಕೆ ಕೊಟ್ಟರು.

ಮೂರು ಹೊಲಿಗೆ ಹಾಕಲು ಐದು ನಿಮಿಷ ಹಿಡಿಯಿತು. ಪಟ್ಟಿಯನ್ನು ನಾನು ತೆಗೆದುಕೊಂಡೆ, ಚೀಲಕ್ಕೆ ಹಾಕದೆ ಹೆಗಲಿಗೆ ಹಾಕಿಕೊಂಡೆ.

"ಎಲ್ಲಿ ಒಯ್ತಿ?"

"ಬೀದರಕ್ಕ. ನನ್ನ ಖೋಲ್ಯಾಗ ಇಡ್ತೀನಿ."

"ಮನಿ ಸಾಮಾನ ಅದು."

"ಹೌದು. ದಸರಾಕ್ಕ ತರ್ತೀನಿ. ಹಾಕ್ಕೊಂಡೇ ತರ್ತೀನಿ."

ಕಾಕಾ ಎದ್ದು ಚಪ್ಪಲಿ ಮೆಟ್ಟಿಕೊಂಡರು. ಬಸ್ ನಿಲ್ದಾಣದವರೆಗೆ ನನ್ನ ಮುಂದೆ ನಡೆದರು. ಔರಾದದ ಕಡೆಯ ಬಸ್ಸು ಮೊದಲು ಬಂತು. ಅವರು ಹತ್ತಿ ಕಿಟಕಿಯ ಪಕ್ಕ ಕೂತರು, ಬಸ್ಸು ಹೊರಡುವವರೆಗೆ ನನ್ನ ಕಡೆ ನೋಡಲಿಲ್ಲ.